‘ಆ ಏರಿಯಾದವರೇ ಹಾಗೆ’ ಅನ್ನುವ ಮೊದಲು: ನಗರ ಯೋಜಕರಿಗೊಂದು ಬಹಿರಂಗ ಪತ್ರ

ಮಾನ್ಯರೇ,

ರಸ್ತೆ ಎಲ್ಲಿ ಹೋಗಬೇಕು, ಪಾರ್ಕ್ ಎಲ್ಲಿ ಬರಬೇಕು, ಯಾವ ಗಲ್ಲಿ ಉಳಿಯಬೇಕು, ಯಾವುದನ್ನು ಕೆಡವಬೇಕು ಎಂದು ತೀರ್ಮಾನ ಮಾಡುವವರು ನೀವು. ಯಾವ ದೇಶದ ಯಾವ ನಗರದ ಕಚೇರಿಯಲ್ಲೇ ಕೂತಿರಿ, ಈ ಪತ್ರ ನಿಮಗೆ. ನಿಮ್ಮ ಸಭೆಗಳಲ್ಲಿ ಪದೇ ಪದೇ ಕೇಳಿಬರುವ ಒಂದು ಮಾತಿನ ಬಗ್ಗೆ ನನ್ನ ತಕರಾರಿದೆ. ‘ಆ ಏರಿಯಾದವರೇ ಹಾಗೆ’ ಅನ್ನುವ ಮಾತು.

ರಾತ್ರಿ ಹನ್ನೊಂದಾದರೂ ಜನ ಬೀದಿಯಲ್ಲಿ ಕೂತು ಹರಟುತ್ತಿದ್ದರೆ, ಆ ಏರಿಯಾದವರೇ ಹಾಗೆ. ಮಕ್ಕಳು ಅರ್ಧಕ್ಕೇ ಶಾಲೆ ಬಿಟ್ಟರೆ, ಅಲ್ಲಿಯವರೇ ಹಾಗೆ. ಎಷ್ಟು ಸಲ ಎತ್ತಿದರೂ ಮೂಲೆಯಲ್ಲಿ ಮತ್ತೆ ಕಸ ಬಿದ್ದರೆ, ಬಿಡಿ, ಅಲ್ಲಿಯವರೇ ಹಾಗೆ. ಪಕ್ಕದ ಮನೆಯಲ್ಲಿ ಯಾರಿದ್ದಾರೆ ಎಂದೂ ಗೊತ್ತಿಲ್ಲದೆ ಗೇಟು ಹಾಕಿಕೊಂಡಿರುವ ಬಡಾವಣೆಗಳ ಬಗ್ಗೆಯೂ ಇದೇ ಮಾತು, ದನಿಯಲ್ಲಿ ಮಾತ್ರ ಸ್ವಲ್ಪ ಜಾಸ್ತಿ ಮರ್ಯಾದೆ. ಒಂದು ಸಲ ಈ ಮಾತು ಆಡಿದರೆ ಮುಗಿಯಿತು. ಆಮೇಲೆ ಯಾರೂ ಕಾರಣ ಹುಡುಕುವುದಿಲ್ಲ.

ವ್ಯತ್ಯಾಸವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಇದೆ, ಎದ್ದು ಕಾಣುವಷ್ಟಿದೆ. ಒಂದೇ ನಗರ, ಒಂದೇ ಬಸ್ಸು, ಒಂದೇ ಪೇಪರ್ ಓದುವ ಜನ. ಆದರೂ ಮಧ್ಯೆ ಒಂದು ದೊಡ್ಡ ರಸ್ತೆ ದಾಟಿದರೆ ಸಾಕು, ಜನ ಮಾತಾಡುವ ದನಿಯೇ ಬೇರೆ. ಈ ಕಡೆ ಬಾಗಿಲು ತೆರೆದೇ ಇರುತ್ತದೆ. ಹೊರಗಿನಿಂದಲೇ ಹೆಸರು ಹಿಡಿದು ಕೂಗುತ್ತಾ ಒಳಗೆ ಬರುತ್ತಾರೆ. ಆ ಕಡೆ ಫೋನ್ ಮಾಡದೆ ಯಾರ ಮನೆಗೂ ಹೋಗುವ ಹಾಗಿಲ್ಲ. ಈ ಕಡೆ ಯಾರದೋ ಮಗು ಆಡುತ್ತಾ ಬಿದ್ದರೆ ಎದುರು ಮನೆಯವರು ಓಡಿಬಂದು ಎತ್ತುತ್ತಾರೆ, ಮಗುವಿಗೂ ಗದರುತ್ತಾರೆ, ತಾಯಿಗೂ ಗದರುತ್ತಾರೆ. ಆ ಕಡೆ ಬೇರೆಯವರ ಮಗುವಿಗೆ ಜೋರು ಮಾಡಿದರೆ ಜಗಳವೇ ಆಗಿಬಿಡುತ್ತದೆ. ಎರಡು ಕಡೆಯೂ ಸಭ್ಯತೆ ಇದೆ. ಒಬ್ಬರ ಸಭ್ಯತೆ ಇನ್ನೊಬ್ಬರಿಗೆ ಒರಟಾಗಿಯೋ ಬಿಗುಮಾನವಾಗಿಯೋ ಕಾಣುತ್ತದೆ, ಅಷ್ಟೇ.

ನಾನು ಕೇಳುವುದಿಷ್ಟು. ಈ ವ್ಯತ್ಯಾಸಗಳಲ್ಲಿ ಕೆಲವನ್ನು ಜನ ತಾವಾಗಿ ಕಟ್ಟಿಕೊಂಡಿದ್ದಾರೆ. ಇನ್ನು ಕೆಲವು ನಿಮ್ಮ ನಕ್ಷೆಯಿಂದ ಹುಟ್ಟಿದವು. ಮೊದಲನೆಯದಕ್ಕೆ ಕೈ ಹಾಕಬೇಡಿ, ಎರಡನೆಯದನ್ನು ಸರಿಮಾಡಿ. ಈಗ ನಡೆಯುತ್ತಿರುವುದು ಬಹಳ ಸಲ ಇದರ ಉಲ್ಟಾ.

ಅಮೆರಿಕದ ಬಾಸ್ಟನ್ ನಗರದ ಕಥೆ ನಿಮ್ಮಲ್ಲಿ ಹಲವರು ಓದಿರುತ್ತೀರಿ. ಅಲ್ಲಿ ಹತ್ತಿರ ಹತ್ತಿರವೇ ಎರಡು ಹಳೆಯ ಪ್ರದೇಶಗಳಿದ್ದವು, ವೆಸ್ಟ್ ಎಂಡ್ ಮತ್ತು ನಾರ್ತ್ ಎಂಡ್. 1950ರ ದಶಕದ ಹೊತ್ತಿಗೆ ಎರಡು ಕಡೆಯೂ ಇಟಲಿಯಿಂದ ಬಂದವರ ಕುಟುಂಬಗಳೇ ಜಾಸ್ತಿ. ಇಕ್ಕಟ್ಟಾದ ಬೀದಿ, ಹಳೆಯ ಕಟ್ಟಡ, ಕಡಿಮೆ ಬಾಡಿಗೆ. ಯೋಜಕರ ಕಣ್ಣಿಗೆ ಎರಡೂ ಸ್ಲಮ್ಮು. ಹರ್ಬರ್ಟ್ ಗ್ಯಾನ್ಸ್ ಎಂಬ ಸಮಾಜಶಾಸ್ತ್ರಜ್ಞರು 1957ರ ಕೊನೆಯಿಂದ ಕೆಲವು ತಿಂಗಳು ವೆಸ್ಟ್ ಎಂಡ್‌ನಲ್ಲೇ ಮನೆ ಮಾಡಿಕೊಂಡಿದ್ದರು. ಅವರು ಕಂಡದ್ದು ಬೇರೆಯೇ ಚಿತ್ರ. ಅಣ್ಣ ತಂಗಿ, ಭಾವ ನಾದಿನಿ ಎಲ್ಲ ನಡೆದು ಹೋಗುವಷ್ಟು ಹತ್ತಿರದಲ್ಲಿದ್ದರು. ಸಂಜೆಯಾದರೆ ಯಾರದಾದರೂ ಅಡುಗೆಮನೆಯಲ್ಲಿ ಸೇರುತ್ತಿದ್ದರು. ಅವರ ಬದುಕಿನ ಮುಖ್ಯ ಭಾಗವೇ ಆ ಕೂಟ. ಕಟ್ಟಡ ಹಳೆಯದಾಗಿತ್ತು ನಿಜ, ಆದರೆ ಸಂಬಂಧಗಳು ಗಟ್ಟಿಯಾಗಿದ್ದವು. ಹೊರಗಿನಿಂದ ಅಳೆಯಲು ಬಂದವರು ಕಟ್ಟಡವನ್ನಷ್ಟೇ ಅಳೆದರು.

1958ರಲ್ಲಿ ಕೆಡವುವ ಕೆಲಸ ಶುರುವಾಯಿತು. ಸುಮಾರು 2,700 ಕುಟುಂಬಗಳು ಮನೆ ಬಿಡಬೇಕಾಯಿತು. ಆ ಜಾಗದಲ್ಲಿ ಎದ್ದು ನಿಂತದ್ದು ಅವರ ಕೈಗೆಟುಕದ ಬಾಡಿಗೆಯ ಎತ್ತರದ ಅಪಾರ್ಟ್‌ಮೆಂಟುಗಳು. ಹೀಗೆ ಎದ್ದುಹೋದವರನ್ನು ಮಾತಾಡಿಸಿದ ಮನಶ್ಶಾಸ್ತ್ರಜ್ಞ ಮಾರ್ಕ್ ಫ್ರೀಡ್, ಆಪ್ತರು ತೀರಿಕೊಂಡಾಗ ಆಗುವಂಥ ದುಃಖವನ್ನೇ ಅವರಲ್ಲಿ ಅನೇಕರು ಅನುಭವಿಸುತ್ತಿದ್ದಾರೆ ಎಂದು 1963ರಲ್ಲಿ ಬರೆದರು. 2015ರಲ್ಲಿ ನಗರದ ಪುನರಭಿವೃದ್ಧಿ ಪ್ರಾಧಿಕಾರದ ಮುಖ್ಯಸ್ಥರು ಆ ಜನರ ಕ್ಷಮೆ ಕೇಳಿದರು. ಅಷ್ಟರಲ್ಲಿ ಐವತ್ತಕ್ಕೂ ಹೆಚ್ಚು ವರ್ಷ ಕಳೆದಿತ್ತು. ಮನೆ ಕಳೆದುಕೊಂಡ ದೊಡ್ಡವರಲ್ಲಿ ಆ ಮಾತು ಕೇಳಲು ಎಷ್ಟು ಜನ ಉಳಿದಿದ್ದರೋ.

ನಾರ್ತ್ ಎಂಡ್ ಹೇಗೋ ಬಚಾವಾಯಿತು. 1959ರಲ್ಲಿ ನಗರಗಳ ಬಗ್ಗೆ ಬರೆಯುತ್ತಿದ್ದ ಲೇಖಕಿ ಜೇನ್ ಜೇಕಬ್ಸ್ ಅಲ್ಲಿಗೆ ಹೋದಾಗ ಬೀದಿ ತುಂಬ ಮಕ್ಕಳು, ಅಂಗಡಿಗೆ ಬಂದವರು, ನಿಂತು ಮಾತಾಡುವವರು. ಮನೆಗಳೆಲ್ಲ ರಿಪೇರಿಯಾಗಿದ್ದವು. ದುಡ್ಡು ಎಲ್ಲಿಂದ ಬಂತು? ಬ್ಯಾಂಕುಗಳು ಅಲ್ಲಿಗೆ ಸಾಲ ಕೊಡುತ್ತಿರಲಿಲ್ಲ. ಅಲ್ಲಿನ ಅಂಗಡಿ ಮನೆಗಳ ಆದಾಯವೇ ಅಲ್ಲಿಗೆ ಹೋಗಿತ್ತು. ಗೊತ್ತಿದ್ದ ಕೆಲಸವನ್ನು ಒಬ್ಬರಿಗೊಬ್ಬರು ಮಾಡಿಕೊಟ್ಟಿದ್ದರು. ಜೇಕಬ್ಸ್ ಬಾಸ್ಟನ್‌ನ ಯೋಜಕರೊಬ್ಬರಿಗೆ ಫೋನ್ ಮಾಡಿ ವಿಚಾರಿಸಿದರು. ಅದು ಸ್ಲಮ್ಮೇ ಎಂದರಂತೆ ಅವರು. ಆದರೆ ಅಲ್ಲಿನ ಅಂಕಿಅಂಶ ತೆಗೆದು ನೋಡಿದರೆ ಮಕ್ಕಳ ಅಪರಾಧವೂ ಕಡಿಮೆ, ರೋಗವೂ ಕಡಿಮೆ, ಶಿಶುಮರಣವೂ ಕಡಿಮೆ. ತಾವೇ ಆಗಾಗ ಆ ಬೀದಿಗಳಲ್ಲಿ ಸುಮ್ನೆ ಅಡ್ಡಾಡಲು ಹೋಗುವುದುಂಟು, ಖುಷಿಯಾಗುತ್ತದೆ ಎಂದೂ ಅವರು ಒಪ್ಪಿಕೊಂಡರು. ಆದರೂ ಕೊನೆಗೆ ಅದನ್ನು ಕೆಡವಿ ಕಟ್ಟಲೇಬೇಕು ಅಂದರಂತೆ. ಕಣ್ಣಿಗೆ ಕಂಡದ್ದು, ಕಾಲಿಗೆ ತಿಳಿದದ್ದು, ಲೆಕ್ಕದಲ್ಲಿ ಸಿಕ್ಕಿದ್ದು ಎಲ್ಲ ಒಂದು ಕಡೆ, ಕಡತದಲ್ಲಿ ಬರೆದ ಹೆಸರು ಇನ್ನೊಂದು ಕಡೆ. ಗೆದ್ದದ್ದು ಕಡತ. ಈ ಪತ್ರ ಓದುವ ಪ್ರತಿ ಯೋಜಕರೂ ಆ ಫೋನ್ ಮಾತುಕತೆಯನ್ನು ಒಂದು ಸಲ ಮನಸ್ಸಿಗೆ ತಂದುಕೊಳ್ಳಬೇಕು ಎಂಬುದು ನನ್ನ ಆಸೆ.

ಹಳೆಯ ಕಾಲದ ಮಾತಾಯಿತು ಅನ್ನುತ್ತೀರಾ? 2019ಕ್ಕೆ ಬನ್ನಿ. ವಾಷಿಂಗ್ಟನ್ ನಗರದ ಶಾ ಎಂಬ ಪ್ರದೇಶದ ಒಂದು ಮೂಲೆಯಲ್ಲಿ ಮೊಬೈಲ್ ಅಂಗಡಿಯಿದೆ. 1990ರ ದಶಕದಿಂದ ಅದರ ಹೊರಗಿನ ಸ್ಪೀಕರ್‌ನಲ್ಲಿ ಗೋ-ಗೋ ಸಂಗೀತ ಕೇಳಿಸುತ್ತಿತ್ತು. ಗೋ-ಗೋ ಎಂದರೆ 1970ರ ದಶಕದಲ್ಲಿ ಆ ನಗರದ ಕಪ್ಪು ಜನರೇ ಹುಟ್ಟುಹಾಕಿದ ಸಂಗೀತ. ಡ್ರಮ್ಮು ನಿಲ್ಲುವುದೇ ಇಲ್ಲ, ಹಾಡುವವರು ಕೂಗಿದ್ದಕ್ಕೆ ಜನ ತಿರುಗಿ ಕೂಗುತ್ತಾರೆ. ಬರಬರುತ್ತಾ ಸುತ್ತಮುತ್ತ ಬಾಡಿಗೆ ಏರಿತು, ಹೊಸ ಅಪಾರ್ಟ್‌ಮೆಂಟುಗಳು ಬಂದವು, ಹಳಬರಲ್ಲಿ ಬಹಳ ಮಂದಿ ಜಾಗ ಖಾಲಿ ಮಾಡಿದರು. ಹೊಸ ಕಟ್ಟಡದಿಂದ ಗಲಾಟೆ ಎಂದು ದೂರು ಹೋಯಿತು. ಸಂಗೀತ ನಿಂತಿತು. ಆಮೇಲೆ ನಡೆದದ್ದು ದೊಡ್ಡದು. ಬ್ಯಾಂಡಿನವರು ಬೀದಿಗೇ ಬಂದು ನುಡಿಸಿದರು, ಜನ ರಸ್ತೆ ತುಂಬ ಸೇರಿದರು, ಸಾವಿರಾರು ಜನ ಮನವಿಗೆ ಸಹಿ ಹಾಕಿದರು. ಕೆಲವೇ ದಿನಗಳಲ್ಲಿ ಸ್ಪೀಕರ್ ಮತ್ತೆ ಶುರುವಾಯಿತು. 2020ರಲ್ಲಿ ಗೋ-ಗೋವನ್ನು ನಗರದ ಅಧಿಕೃತ ಸಂಗೀತ ಎಂದು ಕಾನೂನಿನಲ್ಲೇ ಘೋಷಿಸಿದರು.

ಅಲ್ಲಿ ಸೇರಿದ ಜನರ ಸಿಟ್ಟು ಸದ್ದಿಗಷ್ಟೇ ಸಂಬಂಧಿಸಿದ್ದಲ್ಲ ಎಂದು ನಿಮಗೂ ಗೊತ್ತು. ನಾವು ಇಲ್ಲಿದ್ದೆವು ಅನ್ನುವುದಕ್ಕೆ ಉಳಿದಿದ್ದ ಕೆಲವೇ ಗುರುತುಗಳಲ್ಲಿ ಅದೊಂದು. ಅದನ್ನೂ ಅಳಿಸಬೇಡಿ ಎಂದು ಕೇಳಿದರು. ಗದ್ದಲದಿಂದ ನಿದ್ದೆಗೆಟ್ಟವರ ಕಷ್ಟವೂ ನಿಜವೇ. ಮಗು ಮಲಗಿಸುವವರಿಗೆ, ರಾತ್ರಿ ಪಾಳಿ ಮುಗಿಸಿ ಬಂದವರಿಗೆ ನಿಶ್ಶಬ್ದ ಬೇಕು. ಇದಕ್ಕೊಂದು ನ್ಯಾಯವಾದ ದಾರಿಯೂ ಇದೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 2014ರಲ್ಲಿ ಒಂದು ನಿಯಮ ತಂದಿತು. ಮೊದಲಿನಿಂದ ಸಂಗೀತ ನಡೆಯುತ್ತಿರುವ ಜಾಗದ ಪಕ್ಕ ಹೊಸದಾಗಿ ಮನೆ ಕಟ್ಟುವವರು, ಸದ್ದು ಒಳಗೆ ಬರದ ಹಾಗೆ ತಾವೇ ಕಟ್ಟಿಕೊಳ್ಳಬೇಕು. ಸಂಗೀತದ ಜಾಗ ಹೊಸದಾಗಿ ಬಂದರೆ ಆ ಹೊಣೆ ಅವರದು. 2018ರಲ್ಲಿ ಇಂಗ್ಲೆಂಡಿನ ಯೋಜನಾ ನೀತಿಯಲ್ಲೂ ಇದೇ ತತ್ವ ಸೇರಿತು. ಯಾರು ಮೊದಲಿದ್ದರು ಎಂದು ಕೇಳುವ ನಿಯಮ ಇದು. ನಿಮ್ಮ ದೂರಿನ ಅರ್ಜಿಯಲ್ಲಿ ಆ ಪ್ರಶ್ನೆಗೆ ಒಂದು ಸಾಲು ಜಾಗ ಇದೆಯೇ?

ಈಗ ಇನ್ನೊಂದು ಬಗೆಯ ವ್ಯತ್ಯಾಸಕ್ಕೆ ಬರುತ್ತೇನೆ. ಜನ ಕಟ್ಟಿಕೊಳ್ಳದೆ ಅವರ ಮೇಲೆ ಬಂದು ಬಿದ್ದದ್ದು.

1935ರಿಂದ 1940ರವರೆಗೆ ಅಮೆರಿಕದ ಸರ್ಕಾರಿ ಸಂಸ್ಥೆಯೊಂದು ಇನ್ನೂರಕ್ಕೂ ಹೆಚ್ಚು ನಗರಗಳ ನಕ್ಷೆ ಮಾಡಿಸಿತು. ಮನೆ ಸಾಲ ಕೊಡುವುದು ಎಲ್ಲಿ ಕ್ಷೇಮ, ಎಲ್ಲಿ ಅಪಾಯ ಎಂದು ಬಣ್ಣ ಬಳಿದರು. ಹಸಿರು, ನೀಲಿ, ಹಳದಿ, ಕೆಂಪು. ಕಪ್ಪು ಜನ ಇರುವ ಕಡೆ ಬಹುತೇಕ ಕೆಂಪೇ. ಸರ್ಕಾರದ ಸಾಲ ವಿಮೆಯ ನಿಯಮಗಳೂ ಇದೇ ಯೋಚನೆಯವು. ಕೆಂಪು ಬಿದ್ದ ಕಡೆ ಸಾಲ ಹುಟ್ಟಲಿಲ್ಲ. ಸಾಲವಿಲ್ಲದೆ ರಿಪೇರಿ ಇಲ್ಲ, ರಿಪೇರಿ ಇಲ್ಲದೆ ಮನೆಗೆ ಬೆಲೆ ಇಲ್ಲ, ಬೆಲೆ ಇಲ್ಲದ ಕಡೆ ಮರ ನೆಡುವವರೂ ಇಲ್ಲ. ಮನೆ ಮಾರುವಾಗ, ಬಾಡಿಗೆಗೆ ಕೊಡುವಾಗ ಈ ತಾರತಮ್ಯ ಮಾಡಬಾರದು ಎಂಬ ಕಾನೂನು ಬಂದದ್ದು 1968ರಲ್ಲಿ. ಆದರೆ ಬಣ್ಣ ಅಳಿಯಲಿಲ್ಲ. 108 ನಗರ ಪ್ರದೇಶಗಳನ್ನು ನೋಡಿದ 2020ರ ಒಂದು ಅಧ್ಯಯನದ ಪ್ರಕಾರ, ಹಿಂದೆ ಕೆಂಪು ಬಳಿದಿದ್ದ ಕಡೆ ನೆಲದ ಬಿಸಿ ಉಳಿದ ಕಡೆಗಿಂತ ಸರಾಸರಿ 2.6 ಡಿಗ್ರಿ ಸೆಲ್ಸಿಯಸ್ ಜಾಸ್ತಿ. ಮರ ಕಡಿಮೆ, ಡಾಂಬರು ಕಾಂಕ್ರೀಟು ಜಾಸ್ತಿ.

ಈಗ ರಾತ್ರಿ ಹನ್ನೊಂದಕ್ಕೆ ಬೀದಿಯಲ್ಲಿ ಕೂತಿರುವವರನ್ನು ಇನ್ನೊಂದು ಸಲ ನೋಡಿ. ಹರಟೆ ಅವರಿಗೆ ಇಷ್ಟ ಇರಬಹುದು. ಒಳಗೆ ಕೂರಲಾಗದಷ್ಟು ಸೆಕೆ ಇರುವುದೂ ಕಾರಣವಿರಬಹುದು, ಅಲ್ವಾ? ಕಾದ ತಗಡು, ಒಂದೇ ಕಿಟಕಿ, ಗಾಳಿ ಬಾರದ ಕೋಣೆ. ಕಸದ ವಿಷಯವೂ ಹೀಗೇ. ಗಾಡಿ ಅಗಲ ರಸ್ತೆಯವರೆಗೆ ಮಾತ್ರ ಬರುತ್ತದೆ, ಓಣಿಯೊಳಗೆ ತಿರುಗುವುದಿಲ್ಲ. ಬರುವ ಹೊತ್ತಿಗೆ ಮನೆಯವರೆಲ್ಲ ಕೆಲಸಕ್ಕೆ ಹೋಗಿರುತ್ತಾರೆ. ಮನೆಯೊಳಗೆ ಎರಡನೇ ಬುಟ್ಟಿ ಇಡುವಷ್ಟು ಜಾಗ ಇಲ್ಲ. ಮೂಲೆಯಲ್ಲಿ ರಾಶಿ ಬೀಳದೆ ಇನ್ನೇನಾಗುತ್ತದೆ? ಗಾಡಿಯ ಹೊತ್ತು ಬದಲಿಸಿ, ಓಣಿಗೆ ಹೋಗುವ ಸಣ್ಣ ಗಾಡಿ ಕಳಿಸಿ. ಅದಕ್ಕೂ ಮೊದಲೇ ಜನರ ಸ್ವಭಾವದ ಬಗ್ಗೆ ತೀರ್ಪು ಕೊಡಬೇಡಿ.

ಸ್ವಭಾವವೇ ಕಾರಣ ಎಂಬ ವಾದಕ್ಕೆ ನನಗೆ ಗೊತ್ತಿರುವ ಬಲವಾದ ಉತ್ತರ 1994ರಲ್ಲಿ ಶುರುವಾದ ಒಂದು ಪ್ರಯೋಗ. ಅಮೆರಿಕದ ಐದು ನಗರಗಳಲ್ಲಿ, ಕಡು ಬಡತನದ ವಸತಿ ಸಮುಚ್ಚಯಗಳಲ್ಲಿದ್ದ ಸುಮಾರು 4,600 ಕುಟುಂಬಗಳ ಹೆಸರನ್ನು ಲಾಟರಿ ಎತ್ತಿದರು. ಕೆಲವರಿಗೆ ಬಡತನ ಕಡಿಮೆ ಇರುವ ಪ್ರದೇಶಕ್ಕೆ ಹೋಗಲು ಬಾಡಿಗೆ ನೆರವು ಸಿಕ್ಕಿತು. ಲಾಟರಿ ಆದ್ದರಿಂದ ಎರಡು ಕಡೆಯ ಕುಟುಂಬಗಳೂ ಒಂದೇ ಥರದವು. ಅದೇ ತಂದೆತಾಯಿ, ಅದೇ ಮನೆಮಾತು, ಅದೇ ರೂಢಿ. ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಜೊತೆಗಾರರು ವರ್ಷಗಳ ನಂತರ ಲೆಕ್ಕ ತೆಗೆದು ನೋಡಿದರು. ಹದಿಮೂರು ತುಂಬುವ ಮೊದಲೇ ಜಾಗ ಬದಲಿಸಿದ ಮಕ್ಕಳು ಇಪ್ಪತ್ತೈದರ ಆಸುಪಾಸಿಗೆ ಬಂದಾಗ ಉಳಿದವರಿಗಿಂತ ಸುಮಾರು 31 ಶೇಕಡ ಜಾಸ್ತಿ ದುಡಿಯುತ್ತಿದ್ದರು. ಹದಿಮೂರು ದಾಟಿದ ಮೇಲೆ ಹೋದವರಿಗೆ ಈ ಲಾಭ ಸಿಗಲಿಲ್ಲ. ‘ಆ ಏರಿಯಾದವರೇ ಹಾಗೆ’ ಎಂದು ನೀವು ಕಳೆಯುವ ಒಂದೊಂದು ವರ್ಷವೂ ಯಾವುದೋ ಮಗುವಿನ ಲೆಕ್ಕದಿಂದ ಹೋಗುತ್ತಿದೆ. ಈ ಪತ್ರ ಬರೆಯಲು ಕೂತಾಗ ನನ್ನನ್ನು ಜಾಸ್ತಿ ಕಾಡಿದ್ದು ಇದೇ.

ಹಾಗಾದರೆ ಎಲ್ಲರನ್ನೂ ಎತ್ತಿ ಬೇರೆ ಕಡೆ ಹಾಕಿಬಿಡೋಣ ಎಂದುಕೊಳ್ಳಬೇಡಿ. ಆ ಕುಟುಂಬಗಳು ಕೇಳಿಕೊಂಡು ಹೋದವು. ಬಲವಂತವಾಗಿ ಎಬ್ಬಿಸುವುದರ ಫಲವನ್ನು ಬಾಸ್ಟನ್‌ನಲ್ಲಿ ನೋಡಿದೆವು. ಲಂಡನ್ನಿನ ಪೂರ್ವ ಭಾಗದ ಬೆತ್ನಲ್ ಗ್ರೀನ್‌ನಲ್ಲಿ ಮೈಕೆಲ್ ಯಂಗ್ ಮತ್ತು ಪೀಟರ್ ವಿಲ್ಮಾಟ್ 1950ರ ದಶಕದಲ್ಲಿ ಅಧ್ಯಯನ ಮಾಡಿದರು. ಅಲ್ಲಿ ಮದುವೆಯಾದ ಮಗಳು ತಾಯಿಯ ಮನೆಯ ಪಕ್ಕದ ಬೀದಿಯಲ್ಲೇ ಇರುವುದು ರೂಢಿ, ದಿನಕ್ಕೊಮ್ಮೆಯಾದರೂ ಭೇಟಿ. ಹಳೆಯ ಮನೆಗಳಿಂದ ಕುಟುಂಬಗಳನ್ನು ದೂರದ ಹೊಸ ಬಡಾವಣೆಗೆ ಕಳಿಸಿದರು. ಮನೆ ಚೆನ್ನಾಗಿತ್ತು, ತೋಟವೂ ಇತ್ತು. ತಾಯಿ ಮಾತ್ರ ಮೈಲುಗಟ್ಟಲೆ ದೂರ ಉಳಿದರು. ಅದೇ ಜನ ಹೊಸ ಜಾಗದಲ್ಲಿ ಒಬ್ಬರ ಪಾಡಿಗೊಬ್ಬರು ಇರತೊಡಗಿದರು, ಅಕ್ಕಪಕ್ಕದವರ ಸಾಮಾನು ನೋಡಿ ತಮ್ಮ ಅಂತಸ್ತು ಅಳೆದುಕೊಂಡರು. ಮುಂದೆ ಯಾರಾದರೂ ಆ ಬಡಾವಣೆಗೆ ಬಂದು ‘ಇಲ್ಲಿಯವರು ಯಾರ ಜೊತೆಯೂ ಬೆರೆಯುವುದಿಲ್ಲ’ ಎಂದರೆ, ಅದು ಜನರ ಗುಣವೇ?

ಒಂದು ಕಷ್ಟದ ವಿಷಯ ಇದೆ, ಅದನ್ನು ಬಿಟ್ಟು ಮುಂದೆ ಹೋಗಲಾರೆ. ಜನ ತಾವೇ ಕಟ್ಟಿಕೊಂಡದ್ದೆಲ್ಲ ಕಾಪಾಡುವಂಥದ್ದಲ್ಲ. ಬಾಡಿಗೆ ಮನೆ ಕೇಳಲು ಬಂದವರ ಹೆಸರು ಕೇಳಿ, ಜಾತಿ ಧರ್ಮ ವಿಚಾರಿಸಿ, ‘ಮನೆ ಖಾಲಿ ಇಲ್ಲ’ ಎಂದು ಕಳಿಸುವವರೂ ಅದನ್ನು ತಮ್ಮ ಸಂಸ್ಕೃತಿ ಎಂದೇ ಕರೆಯುತ್ತಾರೆ. ಅಮೆರಿಕದಲ್ಲಿ ಕಪ್ಪು ಜನರಿಗೆ ಮನೆ ಮಾರಬಾರದು ಎಂದು ಕ್ರಯಪತ್ರದಲ್ಲೇ ಬರೆಯುತ್ತಿದ್ದರು. ಅಂಥ ಷರತ್ತನ್ನು ಕೋರ್ಟುಗಳು ಜಾರಿ ಮಾಡುವಂತಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1948ರಲ್ಲಿ ಹೇಳಬೇಕಾಯಿತು. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ ಕ್ಯಾಥೊಲಿಕ್ ಮತ್ತು ಪ್ರಾಟೆಸ್ಟೆಂಟ್ ಪ್ರದೇಶಗಳ ನಡುವೆ 1969ರಿಂದ ಗೋಡೆಗಳು ಎದ್ದವು. 2023ರ ಒಳಗೆ ತೆಗೆಯುತ್ತೇವೆ ಎಂದು 2013ರಲ್ಲಿ ಸರ್ಕಾರ ಹೇಳಿತ್ತು. ಗೋಡೆಗಳು ಇನ್ನೂ ಇವೆ. ಒಮ್ಮೆ ಕಟ್ಟಿದ ಮೇಲೆ ತೆಗೆಯುವುದು ಎಷ್ಟು ಕಷ್ಟ ನೋಡಿ.

ಇನ್ನು ಯಾರಿಗೂ ದ್ವೇಷವೇ ಇಲ್ಲದಿದ್ದರೂ ಜನ ಬೇರೆಯಾಗಬಹುದು. ಥಾಮಸ್ ಶೆಲ್ಲಿಂಗ್ ಎಂಬ ಅರ್ಥಶಾಸ್ತ್ರಜ್ಞರು ಇದನ್ನು ನಾಣ್ಯಗಳನ್ನಿಟ್ಟು ತೋರಿಸಿದರು, 1971ರಲ್ಲಿ ಪ್ರಕಟಿಸಿದರು. ಒಂದು ಚೌಕದ ಹಾಳೆ, ಎರಡು ಥರದ ನಾಣ್ಯ. ಪ್ರತಿ ನಾಣ್ಯಕ್ಕೂ ಸಣ್ಣ ಆಸೆ: ಸುತ್ತ ಇರುವವರಲ್ಲಿ ಮೂರರಲ್ಲಿ ಒಂದು ಪಾಲಾದರೂ ನನ್ನಂಥವರಿರಲಿ. ಉಳಿದವರು ಯಾರೇ ಇರಲಿ, ಬೇಸರವಿಲ್ಲ. ಬೇಸರಗೊಂಡ ನಾಣ್ಯವನ್ನು ಖಾಲಿ ಚೌಕಕ್ಕೆ ಸರಿಸುತ್ತಾ ಹೋಗಿ. ಸ್ವಲ್ಪ ಹೊತ್ತಿಗೆ ಹಾಳೆಯ ತುಂಬ ಒಂದೊಂದೇ ಥರದ ಗುಂಪುಗಳು ನಿಂತಿರುತ್ತವೆ. ಆ ಚಿತ್ರ ನೋಡಿದವರು ಇಲ್ಲಿಯವರಿಗೆಲ್ಲ ಜಗಳ ಎಂದುಕೊಳ್ಳುತ್ತಾರೆ. ಯಾವ ನಾಣ್ಯಕ್ಕೂ ಜಗಳ ಬೇಕಿರಲಿಲ್ಲ. ಅದಕ್ಕೇ ಹೇಳುವುದು, ಇದನ್ನು ಜನರ ಒಳ್ಳೆಯತನಕ್ಕಷ್ಟೇ ಬಿಟ್ಟು ನೀವು ಕೈ ತೊಳೆದುಕೊಳ್ಳುವ ಹಾಗಿಲ್ಲ.

ಸಿಂಗಪುರ ಕೈ ತೊಳೆದುಕೊಳ್ಳಲಿಲ್ಲ. ಅಲ್ಲಿ ಹತ್ತರಲ್ಲಿ ಸುಮಾರು ಎಂಟು ಜನ ಸರ್ಕಾರ ಕಟ್ಟಿದ ಫ್ಲ್ಯಾಟುಗಳಲ್ಲಿದ್ದಾರೆ. ಯಾವ ಕಟ್ಟಡದಲ್ಲಿ ಯಾವ ಜನಾಂಗದವರು ಎಷ್ಟು ಪಾಲು ಮೀರಬಾರದು ಎಂದು 1989ರಿಂದ ಮಿತಿ ಇದೆ. ಜನ ಬೆರೆತದ್ದು ನಿಜ. ಆದರೆ ಬಹುಸಂಖ್ಯಾತರ ಪಾಲು ಮಿತಿ ಮುಟ್ಟಿದ ಕಟ್ಟಡದಲ್ಲಿ ಫ್ಲ್ಯಾಟ್ ಮಾರಲು ಹೊರಟ ಅಲ್ಪಸಂಖ್ಯಾತರಿಗೆ ಕೊಳ್ಳುವವರು ಕಡಿಮೆ ಸಿಗುತ್ತಾರೆ, ಬೆಲೆ ಇಳಿಸಬೇಕಾಗುತ್ತದೆ. ಆ ಭಾರ ಅವರ ಮೇಲೇ ಬಿದ್ದದ್ದು ನನಗೆ ಸರಿ ಕಾಣುವುದಿಲ್ಲ. ಕೊಲಂಬಿಯಾ ಇನ್ನೊಂದು ದಾರಿ ಹಿಡಿಯಿತು. ಅಲ್ಲಿನ ನಗರಗಳಲ್ಲಿ ಮನೆಗಳನ್ನು ಒಂದರಿಂದ ಆರರವರೆಗೆ ಸ್ತರಗಳಾಗಿ ವಿಂಗಡಿಸಿದ್ದಾರೆ. 1994ರ ಕಾನೂನಿನ ಪ್ರಕಾರ ಮೇಲಿನ ಸ್ತರದವರು ನೀರು, ಕರೆಂಟಿಗೆ ಜಾಸ್ತಿ ಕಟ್ಟುತ್ತಾರೆ, ಕೆಳಗಿನವರಿಗೆ ರಿಯಾಯಿತಿ. ಉದ್ದೇಶ ಒಳ್ಳೆಯದೇ. ಆದರೆ ಬಿಲ್ಲಿಗೆಂದು ಕೊಟ್ಟ ನಂಬರು ಮನುಷ್ಯರಿಗೆ ಅಂಟಿಕೊಂಡಿತು. ನೀನು ಎಷ್ಟನೇ ಸ್ತರದವನು ಎಂದು ಅಳೆಯುವುದು ರೂಢಿಯಾಯಿತು. ಅದೇ ದೇಶದ ಮೆಡೆಯಿನ್ ನಗರ ಮಾಡಿದ್ದು ನನಗೆ ಹೆಚ್ಚು ಹಿಡಿಸಿತು. ಗುಡ್ಡದ ಮೇಲಿನ ಬಡ ಪ್ರದೇಶಗಳಿಗೆ 2004ರಲ್ಲಿ ಕೇಬಲ್ ಕಾರ್ ತಂದು ಮೆಟ್ರೋಗೆ ಸೇರಿಸಿದರು. 2011ರಲ್ಲಿ ಇನ್ನೊಂದು ಕಡಿದಾದ ಪ್ರದೇಶಕ್ಕೆ ಬಯಲಲ್ಲೇ ಎಸ್ಕಲೇಟರ್ ಹಾಕಿದರು. ಇದೊಂದರಿಂದಲೇ ಎಲ್ಲ ಸರಿಹೋಯಿತು ಎಂದಲ್ಲ. ಆದರೆ ಅಲ್ಲಿಯವರ ಹಾಡು, ಗೋಡೆಚಿತ್ರ, ಬೀದಿ ಯಾವುದನ್ನೂ ಬಿಡಿಸದೆ, ಕೊರತೆ ಇದ್ದದ್ದನ್ನು ಅವರ ಬಾಗಿಲಿಗೆ ಕೊಟ್ಟರು.

ನಿಮ್ಮಿಂದ ನಾನು ಬೇಡುವುದು ದೊಡ್ಡದಲ್ಲ. ಯಾವುದೇ ಪ್ರದೇಶ ಕೆಡವುವ, ಅಗಲ ಮಾಡುವ, ಅಂದ ಮಾಡುವ ಯೋಜನೆ ಇದ್ದರೆ ಕಡತಕ್ಕೆ ಇನ್ನೊಂದು ಪುಟ ಸೇರಿಸಿ. ಇಲ್ಲಿನ ಜನ ತಾವೇ ಏನನ್ನು ಕಟ್ಟಿಕೊಂಡಿದ್ದಾರೆ, ಯಾರು ಯಾರಿಗೆ ಆಗುತ್ತಾರೆ, ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ, ಮುದುಕರು ಎಲ್ಲಿ ಕೂರುತ್ತಾರೆ, ಎಲ್ಲವನ್ನೂ ಅವರನ್ನೇ ಕೇಳಿ ಬರೆಯಿರಿ. ಪಕ್ಕದಲ್ಲೇ ನೀವು ಕೊಡದೆ ಬಿಟ್ಟದ್ದೂ ಇರಲಿ: ನೀರು ಎಷ್ಟು ಹೊತ್ತು, ಮರ ಎಷ್ಟು, ಶಾಲೆ ಎಷ್ಟು ದೂರ, ಬಸ್ಸು ರಾತ್ರಿ ಎಷ್ಟು ಗಂಟೆಯವರೆಗೆ. ಬರೆಯುವವರು ಮಧ್ಯಾಹ್ನ ಒಂದು ಸಲ ಜೀಪಿನಲ್ಲಿ ಸುತ್ತಿ ಬಂದರೆ ಸಾಲದು. ಬೆಳಗಿನ ಜಾವವೂ ಹೋಗಬೇಕು, ರಾತ್ರಿಯೂ ಹೋಗಬೇಕು.

ಅಹವಾಲು ಕೇಳುವ ಸಭೆಯನ್ನು ಕೆಲಸದ ದಿನ ಬೆಳಗ್ಗೆ ಹನ್ನೊಂದಕ್ಕೆ ನಿಮ್ಮ ಕಚೇರಿಯಲ್ಲಿ ಇಡಬೇಡಿ. ದಿನಗೂಲಿಯವರಿಗೆ ಅದು ಒಂದು ದಿನದ ದುಡಿಮೆ. ಭಾನುವಾರ ಸಂಜೆ ಇಡಿ, ಆ ಬೀದಿಯಲ್ಲೇ ಇಡಿ. ನಕ್ಷೆಯನ್ನು ಹದಿನೈದು ದಿನ ಮೊದಲೇ, ಅಲ್ಲಿಯವರ ಭಾಷೆಯಲ್ಲಿ, ದೊಡ್ಡ ಅಕ್ಷರದಲ್ಲಿ ಗೋಡೆಗೆ ಅಂಟಿಸಿ. ಓದಲು ಬಾರದವರಿಗೆ ನಿಂತು ವಿವರಿಸಲು ಒಬ್ಬರನ್ನು ಕಳಿಸಿ. ರಸ್ತೆಯ ಆ ಕಡೆಯವರನ್ನೂ ಕರೆಯಿರಿ, ಈ ಕಡೆಯವರನ್ನೂ ಕರೆಯಿರಿ. ನಾವು ಬರುತ್ತೇವೆ.

ಇತಿ,
ನಗರದ ಒಬ್ಬ ನಿವಾಸಿ